ಮರೆತರೋ, ಮರೆಸಿದರೋ?

ಅಮೆರಿಕದಲ್ಲಿ ಕೆಲವು ಕಾಲದಿಂದ ಒಂದು ವಿನೋದ ನಡೆದುಬಂದಿದೆ. 1938ರಿಂದೀಚೆಗೆ ಹತ್ತು ಹನ್ನೆರಡು ವರ್ಷ ಅಲ್ಲಿ ಹತ್ತು ಸೆಂಟಿಗೆ ಒಂದರಂತೆ ಮಾರಾಟವಾದ ಬಣ್ಣದ ಚಿತ್ರಕಥೆಯ ಪುಸ್ತಕಗಳನ್ನು, ಎಂದರೆ ಕಾಮಿಕ್ಸುಗಳನ್ನು, ಅಟ್ಟದಿಂದ ಇಳಿಸಿ ಧೂಳು ಕೊಡವಿ, ಅವುಗಳಲ್ಲಿ ಹುಟ್ಟಿ ಅವುಗಳಲ್ಲೇ ಸತ್ತ ಅತಿಮಾನವ ವೀರರನ್ನು ಪಟ್ಟಿಮಾಡಿ ನಗುವುದೇ ಆ ವಿನೋದ. ಸೊಂಟಪಟ್ಟಿಯಲ್ಲಿ ಪಳಗಿಸಿದ ಜೇನ್ನೊಣಗಳನ್ನಿಟ್ಟುಕೊಂಡು ಕಳ್ಳರ ಮೇಲೆ ಬಿಡುವವನೊಬ್ಬ. ತಲೆಗೆ ಅಡುಗೆಯ ಪಾತ್ರೆ ಕವುಚಿಕೊಂಡು ಗೂಂಡಾಗಳನ್ನು ಬಡಿಯುವವಳೊಬ್ಬಳು. ಓದುಗರಿಗೆ ಒಮ್ಮೆಯೂ ಮುಖ ತೋರಿಸದೆ ಹೊರಟುಹೋದವನು ಇನ್ನೊಬ್ಬ. ಇವರನ್ನು ಕುರಿತು ದಪ್ಪ ದಪ್ಪ ಗ್ರಂಥಗಳೇ ಬಂದಿವೆ. ನಗುವವರು ನಗಲಿ, ನಮ್ಮ ಅಡ್ಡಿಯಿಲ್ಲ. ನಾವೂ ನಕ್ಕಿದ್ದೇವೆ. ಆದರೆ ನಗೆಯ ಬಾಲಕ್ಕೆ ಒಂದು ಉಪದೇಶ ಅಂಟಿಕೊಂಡಿರುತ್ತದೆ. ಸಮರ್ಥರಾದವರು ಉಳಿದರು, ಕೈಲಾಗದವರು ಅಳಿದರು, ಗಿರಾಕಿಯೇ ತೀರ್ಪು ಕೊಟ್ಟ, ಇದರಲ್ಲಿ ಯಾರದೂ ತಪ್ಪಿಲ್ಲ ಎಂಬುದು ಆ ಉಪದೇಶ.

ಈ ಮಾತು ನಮಗೆ ಹೊಸದಲ್ಲ. ಗಿರಣಿಗೆ ಬೀಗ ಬಿದ್ದಾಗ ಇದನ್ನೇ ಹೇಳುತ್ತಾರೆ. ಮೂಲೆಯ ಕಿರಾಣಿ ಅಂಗಡಿ ಬಾಗಿಲು ಮುಚ್ಚಿದಾಗಲೂ ಇದನ್ನೇ ಹೇಳುತ್ತಾರೆ. ಆದುದರಿಂದ ಕಾಗದದ ವೀರರ ವಿಷಯದಲ್ಲಿ ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಸ್ವಲ್ಪ ಲೆಕ್ಕಪುಸ್ತಕ ತೆರೆದು ನೋಡೋಣ.

ಮೊದಲ ಪುಟದಲ್ಲಿ ಇರುವುದು 130 ಡಾಲರು. ಕ್ಲೀವ್‌ಲ್ಯಾಂಡ್ ನಗರದ ಜೆರಿ ಸೀಗೆಲ್, ಜೋ ಶುಸ್ಟರ್ ಎಂಬ ಇಬ್ಬರು ಬಡ ಯಹೂದಿ ಹುಡುಗರು ಸೂಪರ್‌ಮ್ಯಾನ್ ಎಂಬ ವೀರನನ್ನು ಕಲ್ಪಿಸಿ ವರ್ಷಗಟ್ಟಲೆ ಪ್ರಕಾಶಕರ ಬಾಗಿಲು ತಟ್ಟಿದರು. ಕೊನೆಗೆ 1938ರ ಮಾರ್ಚಿಯಲ್ಲಿ ನ್ಯೂಯಾರ್ಕಿನ ಒಂದು ಕಂಪನಿ ಆ ವೀರನನ್ನು ಸಮಸ್ತ ಹಕ್ಕುಗಳೊಂದಿಗೆ ಕೊಂಡುಕೊಂಡಿತು. ಆಗ ಇಬ್ಬರಿಗೂ 23 ವರ್ಷ. ಕೊಟ್ಟ ಹಣ 130 ಡಾಲರು. ಓದುಗರು ಈ ಅಂಕಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮೊದಲ ಕಥೆ 13 ಪುಟ. ಪುಟಕ್ಕೆ 10 ಡಾಲರು ಆಗಿನ ಕೂಲಿ. 13ನ್ನು 10ರಿಂದ ಗುಣಿಸಿದರೆ 130. ಅಂದರೆ ಕೊಟ್ಟದ್ದು ಪುಟ ಬರೆದ ಕೂಲಿ ಮಾತ್ರ. ವೀರನಿಗೆ, ಅವನ ಹೆಸರಿಗೆ, ಅವನ ಮುಂದಿನ ನೂರು ವರ್ಷದ ಗಳಿಕೆಗೆ ಧಣಿಗಳು ಕಟ್ಟಿದ ಬೆಲೆ ಸೊನ್ನೆ! ಆ ದಿನ ಬರೆದ ಚೆಕ್ಕು, ಬೇರೆ ಕೆಲಸದ ಬಾಬ್ತೂ ಸೇರಿ ಒಟ್ಟು 412 ಡಾಲರಿನದು, ಹೇಗೋ ಉಳಿದುಕೊಂಡಿತ್ತು. 2012ರಲ್ಲಿ ಆ ಕಾಗದದ ಚೂರು ಹರಾಜಿನಲ್ಲಿ 1,60,000 ಡಾಲರಿಗೆ ಹೋಯಿತು. ಕೂಲಿಗಿಂತ ಕೂಲಿಯ ಚೀಟಿಗೇ ಬೆಲೆ ಹೆಚ್ಚಾದ ಪವಾಡವನ್ನು ಯಾವ ಅತಿಮಾನವನೂ ಮಾಡಿರಲಾರ.

ಸೂಪರ್‌ಮ್ಯಾನನನ್ನು ಯಾರೂ ಮರೆತಿಲ್ಲವಲ್ಲ, ಮರೆತುಹೋದವರ ಸಾಲಿನಲ್ಲಿ ಅವನೇಕೆ ಬಂದನೆಂದು ಯಾರಾದರೂ ಕೇಳಬಹುದು. ನಮ್ಮ ಅಭಿಪ್ರಾಯದಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಮರೆತುಹೋದವನು ಅವನೇ. ಆ ಪತ್ರಿಕೆಯ ಮೂರನೆಯ ಸಂಚಿಕೆ, 1938ರ ಆಗಸ್ಟಿನದು, ಇಂದು ಎಷ್ಟು ಮಂದಿಗೆ ಗೊತ್ತು? ಅದರಲ್ಲಿ ಬೇರೆ ಲೋಕದ ರಾಕ್ಷಸನಿಲ್ಲ, ಹುಚ್ಚು ವಿಜ್ಞಾನಿಯಿಲ್ಲ. ಗಣಿಯೊಂದು ಕುಸಿದು ಒಬ್ಬ ವಲಸೆ ಬಂದ ಕೂಲಿಕಾರ ಕೈಕಾಲು ಕಳೆದುಕೊಳ್ಳುತ್ತಾನೆ. ತಪ್ಪೆಲ್ಲ ಕೂಲಿಯವನ ಅಜಾಗರೂಕತೆಯದೆಂದು ಗಣಿಯ ಮಾಲೀಕ ಹೇಳುತ್ತಾನೆ. ಸೂಪರ್‌ಮ್ಯಾನ್ ಏನು ಮಾಡಿದನು? ಕೂಲಿಯ ವೇಷ ಹಾಕಿ, ಮಾಲೀಕನ ಮನೆಯಲ್ಲಿ ಔತಣ ನಡೆದಿದ್ದಾಗ ಅಲ್ಲಿಗೆ ಸೇರಿಕೊಂಡನು. ಮಾಲೀಕನಿಗೆ ಮೋಜೆನಿಸಿ ಅತಿಥಿಗಳನ್ನೆಲ್ಲ ಗಣಿಯೊಳಕ್ಕೆ ಕರೆದೊಯ್ದನು. ರೇಷ್ಮೆಯ ಉಡುಪಿನ ಆ ಮಹನೀಯರೆಲ್ಲ ಒಳಗಿರುವಾಗ ಸೂಪರ್‌ಮ್ಯಾನ್ ಆಧಾರದ ಕಂಬವನ್ನು ಕಿತ್ತು ದಾರಿ ಮುಚ್ಚಿಬಿಟ್ಟನು. ಮಾಲೀಕ ಓಡಿಹೋಗಿ ಅಪಾಯದ ಗಂಟೆ ಎಳೆದರೆ ಗಂಟೆ ತುಕ್ಕು ಹಿಡಿದಿದೆ! ಗುದ್ದಲಿ ಹಿಡಿದು ಅಗೆದರೆ ಅಂಗೈಯಲ್ಲಿ ಬೊಬ್ಬೆ. ಇನ್ನು ಮುಂದೆ ತನ್ನ ಗಣಿ ದೇಶದಲ್ಲೇ ಸುರಕ್ಷಿತವಾದುದಾಗುವುದೆಂದು ಮಾಲೀಕ ಮಾತು ಕೊಡುವವರೆಗೆ ಕಥೆ ನಡೆಯುತ್ತದೆ. ಎಂಟನೆಯ ಸಂಚಿಕೆಯಲ್ಲಿ, 1939ರ ಜನವರಿಯಲ್ಲಿ, ಇದೇ ವೀರ ಕೊಳೆಗೇರಿಯೊಂದನ್ನು ಕೆಡವಿ ಸರ್ಕಾರ ಅಲ್ಲಿ ಒಳ್ಳೆಯ ಮನೆಗಳನ್ನು ಕಟ್ಟುವಂತೆ ಮಾಡುತ್ತಾನೆ. ಅದಕ್ಕೆ ಮೊದಲು ಯುದ್ಧಸಾಮಗ್ರಿ ತಯಾರಿಸುವ ಸಾಹುಕಾರನನ್ನು ಎಳೆದೊಯ್ದು ರಣರಂಗದಲ್ಲಿ ಸಿಪಾಯಿಯಾಗಿ ನಿಲ್ಲಿಸಿದ್ದೂ ಉಂಟು.

ಮಾರಾಟ ಏರಿತು. ಆಟಿಕೆ, ರೇಡಿಯೋ, ಸಿನಿಮಾ ಬಂದವು. ವೀರನ ಶತ್ರುಗಳೂ ಬದಲಾದರು. ಗಣಿಯ ಧಣಿ ಹೋಗಿ ಬ್ಯಾಂಕು ದರೋಡೆಕಾರ ಬಂದ. ಕೊಳೆಗೇರಿ ಕೆಡವಿದ ಕೈಗಳೇ ಮುಂದೆ ಆಸ್ತಿಪಾಸ್ತಿಗೆ ಕಾವಲು ನಿಂತವು. ಗಿರಾಕಿಯ ತೀರ್ಪಿನಿಂದ ಆದುದೇ ಇದು? ಗಣಿಯ ಕಥೆ ಬಂದ ವರ್ಷದಲ್ಲೇ ಆ ಪತ್ರಿಕೆಯ ಮಾರಾಟ ನೆಗೆದುಹೋಗಿತ್ತು ಎಂಬುದನ್ನು ತೀರ್ಪಿನ ಮಾತಾಡುವವರು ಹೇಳುವುದಿಲ್ಲ.

ಸೂಪರ್‌ಮ್ಯಾನ್ ಹಣ ತಂದನೆಂದು ಕಂಡೊಡನೆ ನ್ಯೂಯಾರ್ಕಿನಲ್ಲಿ ವೀರರ ಕಾರ್ಖಾನೆಗಳೇ ಎದ್ದುವು. ಕಾರ್ಖಾನೆ ಎಂಬುದು ನಮ್ಮ ಅಲಂಕಾರದ ಮಾತಲ್ಲ. ವಿಲ್ ಐಸ್ನರ್, ಜೆರಿ ಐಗರ್ ಎಂಬಿಬ್ಬರು ನಡೆಸಿದ ಅಂಗಡಿಯಂಥವುಗಳಲ್ಲಿ ಒಬ್ಬ ಪೆನ್ಸಿಲಿನಲ್ಲಿ ಗೀಚಿದರೆ ಇನ್ನೊಬ್ಬ ಶಾಯಿ ಹಾಕುವನು, ಮತ್ತೊಬ್ಬ ಅಕ್ಷರ ಬರೆಯುವನು, ಮಗದೊಬ್ಬ ಹಿಂದಿನ ಕಟ್ಟಡ, ಮರಗಳನ್ನು ತುಂಬುವನು. ಹತ್ತಿ ಬಿಡಿಸುವ ಖಾತೆ, ನೂಲುವ ಖಾತೆ, ನೇಯುವ ಖಾತೆ ಎಂದು ನಮ್ಮ ಗಿರಣಿಯ ಮಿತ್ರರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಟ್ಟೆಯ ಮೇಲೆ ನೇಯ್ದವನ ಹೆಸರು ಇರುವುದಿಲ್ಲ, ಇಲ್ಲಿಯೂ ಹಾಗೆಯೇ. ಜೇನ್ನೊಣದ ವೀರನೆಂದೆವಲ್ಲ, ‘ರೆಡ್ ಬೀ’ ಎಂಬ ಆ ಮಹಾಶಯ 1940ರಲ್ಲಿ ಹುಟ್ಟಿದ ಸರ್ಕಾರಿ ವಕೀಲ. ಅವನ ಮೆಚ್ಚಿನ ನೊಣಕ್ಕೆ ಮೈಕೆಲ್ ಎಂದು ಹೆಸರು. ಕಥೆ ಬರೆದವಳು ಟೋನಿ ಬ್ಲಮ್ ಎಂಬ ಹೆಣ್ಣುಮಗಳು. ಪುಟದ ಮೇಲೆ ಅಚ್ಚಾದ ಲೇಖಕನ ಹೆಸರು ಮಾತ್ರ ಬಿ. ಎಚ್. ಏಪಿಯರಿ. ಏಪಿಯರಿ ಎಂದರೆ ಜೇನು ಸಾಕುವ ಜಾಗ! ನೊಣಕ್ಕೆ ಅದರ ಸ್ವಂತ ಹೆಸರು ಸಿಕ್ಕಿತು, ಬರೆದವಳಿಗೆ ಸಿಗಲಿಲ್ಲ.

ಈ ಅಂಗಡಿಗಳಿಗೆ ವಿಕ್ಟರ್ ಫಾಕ್ಸ್ ಎಂಬ ಪ್ರಕಾಶಕ ಒಬ್ಬ ಗಿರಾಕಿ. ಸೂಪರ್‌ಮ್ಯಾನನಂಥವನೇ ತನಗೂ ಒಬ್ಬ ಬೇಕೆಂದು ಅವನು ಮಾಡಿಸಿದ ‘ವಂಡರ್ ಮ್ಯಾನ್’ 1939ರಲ್ಲಿ ಒಂದೇ ಒಂದು ಸಂಚಿಕೆ ಬದುಕಿದ. ಸೂಪರ್‌ಮ್ಯಾನನ ಕಂಪನಿ ಕೋರ್ಟಿಗೆ ಹೋಗಿ ಅವನ ಕತ್ತು ಹಿಸುಕಿತು. ನಕಲು ಎಂಬುದರಲ್ಲಿ ಸಂಶಯವಿರಲಿಲ್ಲ, ಅದಕ್ಕಾಗಿ ನಾವು ಕಣ್ಣೀರು ಸುರಿಸುವುದಿಲ್ಲ. ಆದರೆ ರುಚಿ ಕಂಡ ಕಂಪನಿ ಅಲ್ಲಿಗೆ ನಿಲ್ಲಲಿಲ್ಲ. ‘ಕ್ಯಾಪ್ಟನ್ ಮಾರ್ವೆಲ್’ ಎಂಬ ವೀರ ಪತ್ರಿಕೆ, ಸುದ್ದಿ ಸಾರುತ್ತ ಬದುಕುವ ಅನಾಥ ಹುಡುಗನೊಬ್ಬನ ಇನ್ನೊಂದು ರೂಪ. ‘ಶಜಾಮ್’ ಎಂದರೆ ಹುಡುಗ ವೀರನಾಗುವನು. ಮಕ್ಕಳು ಅವನನ್ನು ಸೂಪರ್‌ಮ್ಯಾನನಿಗಿಂತ ಹೆಚ್ಚಾಗಿ ಕೊಂಡರು. 1941ರಲ್ಲಿ ದಾವೆ ಬಿತ್ತು. ಹನ್ನೆರಡು ವರ್ಷ ಎಳೆದಾಡಿ, 1953ರಲ್ಲಿ ಅವನ ಪ್ರಕಾಶಕರು ಹಣ ತೆತ್ತು ಕಾಮಿಕ್ಸ್ ವಿಭಾಗವನ್ನೇ ಮುಚ್ಚಿದರು. ಇನ್ನೂ ಕೇಳಿ. 1972ರಲ್ಲಿ ಅದೇ ವೀರನನ್ನು ಬಾಡಿಗೆಗೆ ಪಡೆದು ಮತ್ತೆ ಅಚ್ಚು ಹಾಕಿದವರು ಯಾರು? ಅವನನ್ನು ಕೋರ್ಟಿನಲ್ಲಿ ಮುಗಿಸಿದ ಕಂಪನಿಯೇ! ಅಷ್ಟರಲ್ಲಿ ಬೇರೊಂದು ಕಂಪನಿ ಖಾಲಿ ಬಿದ್ದ ಹೆಸರನ್ನು 1967ರಲ್ಲೇ ತನ್ನದಾಗಿಸಿಕೊಂಡಿದ್ದರಿಂದ ಪಾಪ, ಪುಸ್ತಕದ ನೆತ್ತಿಯ ಮೇಲೆ ಅವನ ಹೆಸರನ್ನೇ ಹಾಕುವಂತಿರಲಿಲ್ಲ. ಗಿರಾಕಿಯ ತೀರ್ಪೆಂದರೆ ಇದೇ ಏನು?

ಈಗ ಅಡುಗೆ ಪಾತ್ರೆಯ ತಾಯಿಯ ಬಳಿಗೆ ಬರೋಣ. ನಮ್ಮ ಓದುಗರಲ್ಲಿ ಅಂಗಡಿ ಇಟ್ಟುಕೊಂಡವರು ಇವಳನ್ನು ವಿಶೇಷವಾಗಿ ತಿಳಿಯಬೇಕು. ಹೆಸರು ಮಾ ಹಂಕೆಲ್. ಶೆಲ್ಡನ್ ಮೇಯರ್ ಎಂಬ ಚಿತ್ರಕಾರ ತನ್ನ ತಮಾಷೆಯ ಕಥೆಯೊಂದರಲ್ಲಿ ಇವಳನ್ನು ತಂದನು. ನ್ಯೂಯಾರ್ಕಿನ ಬಡವರ ಬೀದಿಯಲ್ಲಿ ದಿನಸಿ ಅಂಗಡಿ; ಗಟ್ಟಿಮುಟ್ಟಾದ ಮೈ; ಬಾಯಿ ಜೋರು; ಮನೆತುಂಬ ಮಕ್ಕಳು. ಬೀದಿಗೆ ಗೂಂಡಾಗಳ ಕಾಟ ಬಂದಾಗ, 1940ರಲ್ಲಿ, ಅವಳು ಕೆಂಪು ಬಣ್ಣದ ಉದ್ದ ಒಳಉಡುಪು ತೊಟ್ಟು, ಪಾತ್ರೆಯೊಂದಕ್ಕೆ ಕಣ್ಣಿನ ತೂತು ಕೊರೆದು ತಲೆಗೆ ಕವುಚಿಕೊಂಡು ‘ರೆಡ್ ಟಾರ್ನೇಡೊ’, ಎಂದರೆ ಕೆಂಪು ಸುಂಟರಗಾಳಿ, ಎಂದು ಹೆಸರಿಟ್ಟುಕೊಂಡು ಹೊರಟಳು. ಹಾರುವ ಶಕ್ತಿಯಿಲ್ಲ, ಮಂತ್ರವಿಲ್ಲ, ಮಾಯೆಯಿಲ್ಲ. ಮೂಟೆ ಎತ್ತಿ ಎತ್ತಿ ಬಲಿತ ತೋಳು, ಅಷ್ಟೇ. ಸೂಪರ್‌ಮ್ಯಾನ್ ಬೇರೆ ಗ್ರಹದಿಂದ ಇಳಿದನು, ಬ್ಯಾಟ್‌ಮ್ಯಾನ್ ಕೋಟ್ಯಧೀಶ. ಇವಳು ಬೆಳಗಾಗೆದ್ದು ಅಂಗಡಿ ಬಾಗಿಲು ತೆಗೆಯಬೇಕಾದವಳು. ಪೊಲೀಸರು ಬರುವರೆಂದು ಕಾಯುತ್ತ ಕೂಡಲಾರದವಳು.

ಅದೇ ವರ್ಷದ ಚಳಿಗಾಲದಲ್ಲಿ ಆ ಕಂಪನಿಯ ವೀರರೆಲ್ಲ ಒಂದು ಸಂಘ ಕಟ್ಟಿ ಮೇಜಿನ ಸುತ್ತ ಔತಣಕ್ಕೆ ಕೂತರು. ಮಾ ಹಂಕೆಲ್ ಕೂಡ ಬಂದಳು. ಬಂದವಳು ಬಂದಂತೆಯೇ ಹೊರಟುಹೋದಳು. ಅವಳ ಉಡುಪು ಹರಿದಿತ್ತಂತೆ! ಇದನ್ನು ನಗೆಗಾಗಿಯೇ ಬರೆದದ್ದು, ಒಳ್ಳೆಯ ನಗೆಯೂ ಹೌದು. ಆದರೆ ದೊಡ್ಡವರ ಸಂಘದಿಂದ ದಿನಸಿ ಅಂಗಡಿಯ ಹೆಂಗಸನ್ನು ಹರಿದ ಬಟ್ಟೆಯ ನೆವದಿಂದ ಹೊರಗೆ ಕಳಿಸಿದ್ದನ್ನು ನಾವು ಬರಿಯ ನಗೆಯೆಂದು ಓದಲಾರೆವು. ಕೆಲವು ವರ್ಷಗಳಲ್ಲಿ ಅವಳ ಕಥೆ ನಿಂತಿತು. 1968ರಲ್ಲಿ ಕಂಪನಿಯವರಿಗೆ ‘ರೆಡ್ ಟಾರ್ನೇಡೊ’ ಎಂಬ ಹೆಸರು ಮತ್ತೆ ಬೇಕಾಯಿತು. ಈ ಸಲ ಅದನ್ನು ಒಂದು ಯಂತ್ರಮಾನವನಿಗೆ ಕೊಟ್ಟರು. ಅವಳ ಜಾಗಕ್ಕೆ ಯಂತ್ರ ಬಂತು. ಮಗ್ಗದ ಖಾತೆಯವರು ಇದಕ್ಕೆ ಏನೆನ್ನುವರೋ ನಮಗೆ ಗೊತ್ತು.

ಇನ್ನು ಬಣ್ಣದ ವಿಷಯ. ಅಚ್ಚಿನ ಬಣ್ಣವಲ್ಲ, ಚರ್ಮದ್ದು. ಅಂದಿನ ಕಾಮಿಕ್ಸುಗಳಲ್ಲಿ ನೀಗ್ರೋಗಳನ್ನೂ ಚೀನೀಯರನ್ನೂ ಜಪಾನೀಯರನ್ನೂ ಬರೆದ ರೀತಿಯನ್ನು ಇಂದು ನೋಡಿದರೆ ಅಸಹ್ಯ ಹುಟ್ಟುತ್ತದೆ. ಅಂಥದರಲ್ಲಿ 1944ರಲ್ಲಿ ಚು ಹಿಂಗ್ ಎಂಬ ಚೀನೀ ಮೂಲದ ಚಿತ್ರಕಾರ ‘ಗ್ರೀನ್ ಟರ್ಟಲ್’ ಎಂಬ ವೀರನನ್ನು ಬರೆದನು. ಚೀನದ ನೆಲದಲ್ಲಿ ಜಪಾನಿನ ದಂಡಿನ ವಿರುದ್ಧ ಹೋರಾಡುವ ಈ ವೀರನ ಮುಖ ಓದುಗನಿಗೆ ಕಾಣುವುದೇ ಇಲ್ಲ. ಬೆನ್ನು ಕಾಣುತ್ತದೆ, ಇಲ್ಲವೆ ತೋಳು ಅಡ್ಡ ಬರುತ್ತದೆ, ಇಲ್ಲವೆ ಕಪ್ಪು ನೆರಳು. ವೀರನು ಚೀನೀಯನಾಗಿರಲೆಂದು ಚು ಹಿಂಗ್ ಬಯಸಿದನೆಂದೂ ಪ್ರಕಾಶಕರು ಒಪ್ಪಲಿಲ್ಲವೆಂದೂ, ಅದಕ್ಕೆ ಅವನು ಮುಖವನ್ನೇ ಬರೆಯದೆ ಸೇಡು ತೀರಿಸಿಕೊಂಡನೆಂದೂ ಹೇಳುವರು. ಇದು ಕೇಳಿಕೆಯ ಮಾತು. ಪುಟಗಳಂತೂ ಕಣ್ಣೆದುರಿಗಿವೆ: ಐದು ಸಂಚಿಕೆಗಳ ಉದ್ದಕ್ಕೂ ಒಬ್ಬ ವೀರ ಬೆನ್ನು ತಿರುಗಿಸಿಯೇ ನಿಂತಿದ್ದಾನೆ. ಇಷ್ಟು ಮೌನವಾದ ಮುಷ್ಕರವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಇದಕ್ಕಿಂತ ಹೀನವಾದ ಕಥೆ ಫಿಲಡೆಲ್ಫಿಯದ್ದು. ಓರಿನ್ ಇವಾನ್ಸ್ ಅಲ್ಲಿಯ ದಿನಪತ್ರಿಕೆಯೊಂದರಲ್ಲಿ ಕೆಲಸಕ್ಕಿದ್ದ ನೀಗ್ರೋ ಪತ್ರಕರ್ತ. 1947ರ ಆರಂಭದಲ್ಲಿ, ನೌಕರರ ಮುಷ್ಕರ ನಡೆದಿರುವಾಗಲೇ, ಮಾಲೀಕ ಪತ್ರಿಕೆಯನ್ನು ಮಾರಿ ಮುಚ್ಚಿಬಿಟ್ಟ. ಕೆಲಸ ಹೋದ ಇವಾನ್ಸ್ ಜೊತೆಗಾರರನ್ನು ಸೇರಿಸಿಕೊಂಡು ಅದೇ ಜೂನಿನಲ್ಲಿ ‘ಆಲ್ ನೀಗ್ರೋ ಕಾಮಿಕ್ಸ್’ ಎಂಬ ಪುಸ್ತಕ ಹೊರಡಿಸಿದ. ಬರೆದವರು, ಚಿತ್ರಿಸಿದವರು, ಕಥೆಯೊಳಗಿನ ನಾಯಕರು ಎಲ್ಲರೂ ನೀಗ್ರೋಗಳೇ. ಅದರಲ್ಲಿ ‘ಲಯನ್ ಮ್ಯಾನ್’ ಎಂಬ ವೀರ ಓದು ಕಲಿತ ತರುಣ ವಿಜ್ಞಾನಿ. ಆಫ್ರಿಕದ ಗೋಲ್ಡ್ ಕೋಸ್ಟಿನ, ಎಂದರೆ ಮುಂದೆ ಘಾನಾ ಎನಿಸಿಕೊಂಡ ನಾಡಿನ, ಬೆಟ್ಟವೊಂದರಲ್ಲಿರುವ ಯುರೇನಿಯಂ ನಿಕ್ಷೇಪಕ್ಕೆ ವಿಶ್ವಸಂಸ್ಥೆಯ ಪರವಾಗಿ ಕಾವಲಿರುವವನು. ಹಿರೋಷಿಮದ ಮೇಲೆ ಬಾಂಬು ಬಿದ್ದು ಎರಡು ವರ್ಷವೂ ತುಂಬಿರಲಿಲ್ಲ ಎಂಬುದನ್ನು ಓದುಗರು ನೆನೆಯಬೇಕು. ಆಫ್ರಿಕದ ಗಣಿಸಂಪತ್ತನ್ನು ಯಾರು ಕಾಯಬೇಕು, ಯಾರಿಂದ ಕಾಯಬೇಕು ಎಂಬ ಪ್ರಶ್ನೆಯನ್ನು ಹದಿನೈದು ಸೆಂಟಿನ ಪುಸ್ತಕವೊಂದು ಆಗಲೇ ಎತ್ತಿತ್ತು.

ಎರಡನೆಯ ಸಂಚಿಕೆಯ ಚಿತ್ರಗಳು ಸಿದ್ಧವಾಗಿದ್ದವು. ಕಾಗದ ಸಿಗಲಿಲ್ಲ. ಮೊದಲ ಸಂಚಿಕೆಗೆ ಕಾಗದ ಮಾರಿದವರು ಎರಡನೆಯದಕ್ಕೆ ಮಾರಲೊಪ್ಪಲಿಲ್ಲ. ಬೇರೆಯವರೂ ಒಪ್ಪಲಿಲ್ಲ. ದೊಡ್ಡ ಪ್ರಕಾಶಕರ ಕೈವಾಡವೆಂದು ಇವಾನ್ಸನ ಕಡೆಯವರು ನಂಬಿದ್ದರು. ಸಣ್ಣ ಪತ್ರಿಕೆ ನಡೆಸುವವರಿಗೆ ನ್ಯೂಸ್‌ಪ್ರಿಂಟ್ ಎಂಬ ಒಂದು ಶಬ್ದದಲ್ಲಿ ಎಷ್ಟು ಬಾಗಿಲುಗಳು ಮುಚ್ಚಬಲ್ಲವೆಂಬುದು ಗೊತ್ತೇ ಇದೆ. ಲಯನ್ ಮ್ಯಾನನನ್ನು ಗಿರಾಕಿ ತಿರಸ್ಕರಿಸಿದನೆಂದು ಹೇಳುವ ಪಂಡಿತರು ಆ ಗಿರಾಕಿ ಎರಡನೆಯ ಸಂಚಿಕೆಯನ್ನು ಯಾವ ಅಂಗಡಿಯಲ್ಲಿ ನೋಡಿದನೆಂದು ದಯವಿಟ್ಟು ತಿಳಿಸಲಿ.

ಇಷ್ಟು ಹೇಳಿದ ಮೇಲೆ, ಮರೆತುಹೋದ ವೀರರೆಲ್ಲ ನಮ್ಮವರೇ ಎಂದು ಯಾರೂ ಭಾವಿಸಬಾರದು. ಬಹುಪಾಲು ಕಸವೇ. ಕಸದಲ್ಲಿಯೂ ಅತ್ಯಂತ ವಿಲಕ್ಷಣವಾದದ್ದು ಫ್ಲೆಚರ್ ಹ್ಯಾಂಕ್ಸ್ ಎಂಬವನು 1939ರಿಂದ 1941ರವರೆಗೆ ಬರೆದದ್ದು. ಈತ ಕಾರ್ಖಾನೆಯ ಪದ್ಧತಿಗೆ ಒಗ್ಗದೆ ಕಥೆ, ಚಿತ್ರ, ಶಾಯಿ, ಅಕ್ಷರ ಎಲ್ಲವನ್ನೂ ಒಬ್ಬನೇ ಮಾಡುತ್ತಿದ್ದನು. ಅವನ ‘ಸ್ಟಾರ್‌ಡಸ್ಟ್’ ತನ್ನ ಸ್ವಂತ ನಕ್ಷತ್ರದಲ್ಲಿ ವಾಸಿಸುವ ಮಹಾಮಾಂತ್ರಿಕ. ಭೂಮಿಯ ಮೇಲೆ ದುಷ್ಟರು ಊರಿಗೆ ಊರನ್ನೇ ಕೊಲ್ಲಲು ಹೊಂಚು ಹಾಕುವುದನ್ನು ಅವನು ದೂರದಿಂದ ಯಂತ್ರದಲ್ಲಿ ನೋಡುತ್ತಿರುತ್ತಾನೆ. ಸಾವಿರಾರು ಜನ ಸತ್ತ ಮೇಲೆ ಬಂದಿಳಿಯುತ್ತಾನೆ. ಅನಂತರ ಆರಂಭವಾಗುವುದು ಶಿಕ್ಷೆ. ಪುಟಗಟ್ಟಲೆ ಶಿಕ್ಷೆ! ಒಬ್ಬನನ್ನು ಇಲಿ ಮಾಡುತ್ತಾನೆ. ಇನ್ನೊಬ್ಬನ ಮೈಯನ್ನೆಲ್ಲ ಕರಗಿಸಿ ಬರಿ ತಲೆ ಉಳಿಸಿ, ಆಕಾಶದಲ್ಲಿ ರುಂಡವಿಲ್ಲದ ದೈತ್ಯನಿರುವ ಕಡೆಗೆ ಎಸೆಯುತ್ತಾನೆ. ಹ್ಯಾಂಕ್ಸನ ಇನ್ನೊಂದು ಸೃಷ್ಟಿ ‘ಫ್ಯಾಂಟೋಮಾ’, 1940ರದು, ಕಾಡಿನ ಚೆಲುವೆ. ಕೋಪ ಬಂದರೆ ಮುಖ ತಲೆಬುರುಡೆಯಾಗುತ್ತದೆ. ಕಾಮಿಕ್ಸಿನ ಮೊದಲ ಅತಿಮಾನವ ಸ್ತ್ರೀ ಇವಳೇ ಎಂದು ಹಲವರು ಎಣಿಸುವರು. ಅದಕ್ಕೆ ಹಾಕಿದ ಹೆಸರು ಹ್ಯಾಂಕ್ಸನದಲ್ಲ, ಬಾರ್ಕ್ಲೇ ಫ್ಲ್ಯಾಗ್ ಎಂಬ ಸುಳ್ಳು ಹೆಸರು.

ಈ ಕಥೆಗಳನ್ನು ಇಂದು ಕಲೆಯೆಂದು ಹೊಗಳುವವರಿದ್ದಾರೆ. ಚಿತ್ರಗಳಲ್ಲಿ ಒಂದು ಬಗೆಯ ಭಯಂಕರ ಶಕ್ತಿ ಇರುವುದನ್ನು ನಾವೂ ಅಲ್ಲಗಳೆಯುವುದಿಲ್ಲ. ಆದರೆ ಸ್ಟಾರ್‌ಡಸ್ಟನ ಲೋಕದಲ್ಲಿ ಜನರು ಎಲ್ಲಿದ್ದಾರೆಂದು ಹುಡುಕಿ ನೋಡಿ. ಅವರು ಸಾಯುವುದಕ್ಕಿದ್ದಾರೆ, ಇಲ್ಲವೆ ಬಾಯಿ ತೆರೆದು ಮೇಲೆ ನೋಡುವುದಕ್ಕಿದ್ದಾರೆ. ಒಬ್ಬನೂ ಕೈ ಎತ್ತುವುದಿಲ್ಲ, ಇಬ್ಬರು ಕೂಡಿ ಮಾತಾಡುವುದಿಲ್ಲ. ವಿಚಾರಣೆಯಿಲ್ಲ, ಕಾನೂನಿಲ್ಲ, ಮೇಲಿನಿಂದ ಒಬ್ಬ ಬಂದು ಎಲ್ಲವನ್ನೂ ಸರಿಪಡಿಸುವನು. ಅದೇ ವರ್ಷಗಳಲ್ಲಿ ಯೂರೋಪಿನಲ್ಲಿ ಅಂಥವರೇ ಇಬ್ಬರು ಮೂವರು ನಿಜವಾಗಿ ಬಂದಿಳಿದಿದ್ದರು. ಮಾ ಹಂಕೆಲಳ ಪಾತ್ರೆಗೂ ಸ್ಟಾರ್‌ಡಸ್ಟನ ನಕ್ಷತ್ರಕ್ಕೂ ಇರುವ ದೂರವನ್ನು ‘ವಿಚಿತ್ರ ವೀರರು’ ಎಂಬ ಒಂದೇ ಚೀಲಕ್ಕೆ ತುಂಬಿ ಅಳಿಸುವುದು ನಮಗೆ ಒಪ್ಪಿಗೆಯಿಲ್ಲ.

ಹ್ಯಾಂಕ್ಸ್ ಒಳ್ಳೆಯ ಮನುಷ್ಯನೂ ಆಗಿರಲಿಲ್ಲ. ಕುಡುಕ, ಹೆಂಡತಿ ಮಕ್ಕಳನ್ನು ಹೊಡೆದು ಬಿಟ್ಟುಹೋದವನು. 1976ರಲ್ಲಿ ನ್ಯೂಯಾರ್ಕಿನ ಉದ್ಯಾನವೊಂದರ ಬೆಂಚಿನ ಮೇಲೆ ಚಳಿಗೆ ಹೆಪ್ಪುಗಟ್ಟಿ ಸತ್ತನು. 2007ರಲ್ಲಿ ಅವನ ಕಥೆಗಳ ಸಂಗ್ರಹ ಹೊರಬಂದು ಕೈಗೆ ಕೈಗೆ ಮಾರಾಟವಾಯಿತು. ಅವನ ದುರ್ಗುಣಕ್ಕೆ ಅದು ತಕ್ಕ ಶಿಕ್ಷೆಯೆಂದು ಯಾರಾದರೂ ಹೇಳುವುದಾದರೆ, ಒಂದು ದುರ್ಗುಣವೂ ಇಲ್ಲದ ಶುಸ್ಟರನಿಗೆ ಕಣ್ಣು ಮಂದವಾಗಿ ಕೆಲಸ ತಪ್ಪಿದ್ದು ಯಾವುದಕ್ಕೆ ಶಿಕ್ಷೆ? ಸೀಗೆಲ್ ಮುಪ್ಪಿನಲ್ಲಿ ಗುಮಾಸ್ತನಾಗಿ ಬೆರಳಚ್ಚು ಮಾಡಿದ್ದು ಯಾವುದಕ್ಕೆ? ಹಕ್ಕಿಗಾಗಿ 1947ರಲ್ಲಿ ದಾವೆ ಹೂಡಿದ್ದಕ್ಕೆ ಒಂದಿಷ್ಟು ಹಣ ಎಸೆದು ಪುಟದ ಮೇಲಿಂದ ಅವರ ಹೆಸರನ್ನೇ ಕಿತ್ತುಹಾಕಿದರು. 1975ರಲ್ಲಿ, ದೊಡ್ಡ ಸಿನಿಮಾ ತೆಗೆಯುವ ಹೊತ್ತಿನಲ್ಲಿ, ಚಿತ್ರಕಾರರೆಲ್ಲ ಗದ್ದಲವೆಬ್ಬಿಸಿ ಪತ್ರಿಕೆಗಳಲ್ಲಿ ಮಾನ ಹೋಗುವಂತಾದ ಮೇಲೆ, ಇಬ್ಬರಿಗೂ ವರ್ಷಕ್ಕೆ 20,000 ಡಾಲರು ಮತ್ತು ಪುಟದ ಮೇಲೆ ಹೆಸರು ಸಿಕ್ಕಿತು.

ಇವರೆಲ್ಲ ಸಂಘ ಕಟ್ಟಲಿಲ್ಲವೇ ಎಂದು ನಮ್ಮ ಮಿತ್ರರು ಕೇಳಿಯೇ ಕೇಳುತ್ತಾರೆ. ಕಟ್ಟಿದರು. 1952ರಲ್ಲಿ ಬರ್ನಾರ್ಡ್ ಕ್ರಿಗ್‌ಸ್ಟೈನ್ ಎಂಬ ಚಿತ್ರಕಾರನ ಅಧ್ಯಕ್ಷತೆಯಲ್ಲಿ ಚಿತ್ರಕಾರರ ಸಂಘವೊಂದು ಹುಟ್ಟಿ ಬೇಗನೆ ಸತ್ತಿತು. ಪುಟದ ಲೆಕ್ಕದಲ್ಲಿ ಕೂಲಿ ಪಡೆಯುವವರು ಒಬ್ಬೊಬ್ಬರೇ ಮನೆಯಲ್ಲಿ ಕುಳಿತು ಕೆಲಸ ಮಾಡುವಾಗ ಗೇಟಿನ ಬಳಿ ಸೇರಲು ಗೇಟೇ ಇರುವುದಿಲ್ಲ. ಬೀಡಿ ಕಟ್ಟುವ ಮನೆಗಳಲ್ಲಿ ಸಂಘ ಕಟ್ಟಿದವರಿಗೆ ಇದರ ಕಷ್ಟ ತಿಳಿದಿದೆ. ಧಣಿಗಳಲ್ಲಿ ಲೆವ್ ಗ್ಲೀಸನ್ ಎಂಬ ಒಬ್ಬ ಎಡಪಂಥೀಯ ಪ್ರಕಾಶಕ ತನ್ನ ಸಂಪಾದಕರಿಗೆ ಲಾಭದಲ್ಲಿ ಪಾಲು ಕೊಟ್ಟಿದ್ದುಂಟು. ಅವನ ‘ಡೇರ್‌ಡೆವಿಲ್’ ಎಂಬ ವೀರ 1941ರಲ್ಲಿ, ಅಮೆರಿಕ ಯುದ್ಧಕ್ಕಿಳಿಯುವ ಮುಂಚೆಯೇ, ಹಿಟ್ಲರನ ಮೇಲೆ ಬಿದ್ದವನು. ಅವನನ್ನು ಕೊನೆಗೆ ಅವನ ಸ್ವಂತ ಪುಸ್ತಕದಿಂದ ಹೊರಗಟ್ಟಿದವರು ಅದೇ ಪುಸ್ತಕದ ಪುಂಡ ಹುಡುಗರ ಗುಂಪು. ಅಷ್ಟು ಜನಪ್ರಿಯರಾಗಿದ್ದರು ಆ ಹುಡುಗರು. ಇಲ್ಲಿ ಮಾತ್ರ ಗಿರಾಕಿಯ ತೀರ್ಪೆಂದು ಬೇಕಾದರೆ ಹೇಳಿಕೊಳ್ಳಿ. 1964ರಲ್ಲಿ ಆ ಹೆಸರನ್ನೂ ದೊಡ್ಡ ಕಂಪನಿಯೊಂದು ಎತ್ತಿಕೊಂಡಿತು, ಇಂದು ಆ ಹೆಸರು ಕೇಳಿದವರಿಗೆ ಹಳೆಯವನ ನೆನಪೇ ಇಲ್ಲ.

ಕಾನೂನಿನ ಒಂದು ಸಣ್ಣ ಕೊಂಡಿಯನ್ನು ಹೇಳಲೇಬೇಕು. ಆಗಿನ ಅಮೆರಿಕದ ಕಾನೂನಿನಲ್ಲಿ ಗ್ರಂಥಸ್ವಾಮ್ಯ 28 ವರ್ಷ. ಆಮೇಲೆ ಅರ್ಜಿ ಹಾಕಿ ಮುಂದುವರಿಸಿಕೊಳ್ಳಬೇಕು. ಉಳಿದ ಕಂಪನಿಗಳು ಅರ್ಜಿ ಹಾಕಿದವು. ದಿವಾಳಿಯೆದ್ದವರ, ಬಾಗಿಲು ಮುಚ್ಚಿದವರ ವೀರರಿಗೆ ಅರ್ಜಿ ಹಾಕುವವರಾರು? ಸ್ಟಾರ್‌ಡಸ್ಟ್, ಗ್ರೀನ್ ಟರ್ಟಲ್ ಮೊದಲಾದವರು ಹೀಗೆ ವಾರಸುದಾರರಿಲ್ಲದೆ ಸಾರ್ವಜನಿಕರ ಸ್ವತ್ತಾದರು. ಧಣಿ ಬಿಟ್ಟ ಮೇಲೆ ಜನರ ಕೈಗೆ ಬಂದರು ಎಂದೂ ಹೇಳಬಹುದು. ಚೀನೀ ಮೂಲದ ಅಮೆರಿಕನ್ ಲೇಖಕ ಜೀನ್ ಲುಯೆನ್ ಯಾಂಗ್ 2014ರಲ್ಲಿ ಸೋನಿ ಲ್ಯೂ ಎಂಬ ಚಿತ್ರಕಾರನ ಜೊತೆಗೂಡಿ ಗ್ರೀನ್ ಟರ್ಟಲನ ಕಥೆಯನ್ನು ಹೊಸದಾಗಿ ಬರೆದು, ಅವನಿಗೆ ಚೀನೀ ಮುಖವನ್ನೇ ಕೊಟ್ಟನು. ಎಪ್ಪತ್ತು ವರ್ಷಗಳ ಮೇಲೆ ವೀರ ಓದುಗನ ಕಡೆಗೆ ತಿರುಗಿದನು. ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಸೂಪರ್‌ಮ್ಯಾನನ ಸರದಿ ಬರುವುದು 2034ರ ಜನವರಿ 1ರಂದು. 1938ರಲ್ಲಿ ಅಚ್ಚಾದ ಅವನ ಕಥೆಗಳ ಮೇಲೆ ಕಂಪನಿಗಿರುವ ಹಕ್ಕು ಅಮೆರಿಕದ ಕಾನೂನಿನಂತೆ ಅಂದಿಗೆ ತೀರುತ್ತದೆ. ಮೊದಲ ಸಂಚಿಕೆಯನ್ನು ಮತ್ತೆ ಅಚ್ಚು ಹಾಕಲು ನೂರು ಮಂದಿ ಮುಂದೆ ಬರುವರು. ಅದರ ಒಂದು ಹಳೆಯ ಪ್ರತಿಯೇ 2024ರಲ್ಲಿ 60 ಲಕ್ಷ ಡಾಲರಿಗೆ ಮಾರಾಟವಾಗಿದೆ. ಗಣಿಯ ಕಥೆ ಇರುವ ಮೂರನೆಯ ಸಂಚಿಕೆಯೂ ಬಿಡುಗಡೆಯಾಗುವುದು ಅದೇ ದಿನ.